ಅದು ಅರಿಷಿಣದಿಂದ ಆದದ್ದಲ್ಲ

ಈರಣ್ಣನ ಹೊಟ್ಟೆಯೊಳಗೆ ಕೂಡಿಸಿದ್ದ ಹೃದಯದ ಯಂತ್ರಕ್ಕೆ ಕೀವು ಹತ್ತಿದ್ದು ಅವನ ಹೆಂಡತಿ ಗಂಗವ್ವ ಹಚ್ಚಿದ ಅರಿಷಿಣದಿಂದ ಅಲ್ಲ. ನಾನು ಚುಚ್ಚಿದ ಸೂಜಿಯಿಂದ. ಮುಂಬಯಿಯ ಡಾಕ್ಟರು ನನ್ನ ಮುಖ ನೋಡಿ ಕೇಳಿದಾಗ ಇಲ್ಲ ಎಂದವಳು ನಾನು. ಆ ಸುಳ್ಳನ್ನು ಐವತ್ತು ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಂಡವಳೂ ನಾನೇ — ಇಟ್ಟುಕೊಂಡೆ ಎನ್ನುವುದೂ ಸರಿಯಲ್ಲ. ಅದರ ಭಾರ ಹೊತ್ತದ್ದು ಗಂಗವ್ವ. ನಾನು ಪಕ್ಕದಲ್ಲಿ ನಿಂತು ನೋಡಿದೆ.

ನನ್ನ ಹೆಸರು ಕಮಲಾ. ಮಹಾರಾಷ್ಟ್ರದ ಗಡಿಯ ಮಗ್ಗದ ಊರು ಇಚಲಕರಂಜಿಯ ಒಂದು ಸಣ್ಣ ಖಾಸಗಿ ದವಾಖಾನೆಯಲ್ಲಿ ಆಯುಷ್ಯವೆಲ್ಲ ನರ್ಸಾಗಿ ಕೆಲಸ ಮಾಡಿದೆ. ಈಗ ಎಂಬತ್ತು ದಾಟಿದೆ. ಇಂದಿಗೂ ಪೇಟೆಯಲ್ಲಿ ಸಿಕ್ಕವರು "ನರ್ಸಬಾಯಿ, ನಿಮ್ಮ ಕೈಗುಣಾ ಭಾಳ ಛಲೋ ಇತ್ತು ನೋಡ್ರಿ" ಎನ್ನುತ್ತಾರೆ. ಆ ಮಾತು ಕೇಳಿದಾಗ ನಾನು ತಲೆ ತಗ್ಗಿಸುತ್ತೇನೆ. ಅವರು ಅದನ್ನು ವಿನಯ ಎಂದುಕೊಳ್ಳುತ್ತಾರೆ.

ಈರಣ್ಣ ನನ್ನ ಒಡಹುಟ್ಟಿದವನಲ್ಲ. ಇಚಲಕರಂಜಿಯದೇ ಭಾಗವಾದ ಶಹಾಪುರದಲ್ಲಿ ನಮ್ಮ ಮನೆಯ ಎದುರು ಮನೆಯವನು. ನಮ್ಮೆರಡೂ ಮನೆತನಗಳು ರಬಕವಿಯ ಕಡೆಯಿಂದ ಮಗ್ಗದ ಕೆಲಸಕ್ಕೆಂದು ಬಂದು ಇಲ್ಲಿ ನಿಂತವು. ಅಪ್ಪ ನೇಕಾರ, ಈರಣ್ಣ ಅದೇ ಶೆಡ್ಡಿನ ಜಾಬರ್ — ಕೆಟ್ಟ ಮಗ್ಗಗಳನ್ನು ರಿಪೇರಿ ಮಾಡುವವನು. ಇಪ್ಪತ್ತನಾಲ್ಕು ಮಗ್ಗಗಳು ಒಟ್ಟಿಗೆ ಬಡಿಯುವ ಆ ಗದ್ದಲದಲ್ಲಿ ನಮಗೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಅವನು ಮಾತ್ರ ಬಾಗಿಲಲ್ಲಿ ನಿಂತು ಒಂದು ಗಳಿಗೆ ಕಣ್ಣು ಮುಚ್ಚಿ, ನೇರವಾಗಿ ಹೋಗಿ ಒಂದು ಮಗ್ಗದ ಮೇಲೆ ಕೈ ಇಡುತ್ತಿದ್ದ. ಕೆಟ್ಟದ್ದು ಅದೇ ಆಗಿರುತ್ತಿತ್ತು. ಆ ಓಣಿಯಲ್ಲಿ ಬೆಳಿಗ್ಗೆ ನೂಲಿಗೆ ಹಾಕುವ ಗಂಜಿಯ ವಾಸನೆ, ಮಧ್ಯಾಹ್ನ ರೊಟ್ಟಿ ಬಡಿಯುವ ಸದ್ದು, ಹುಡುಗರ ತಲೆಯ ಮೇಲೆಲ್ಲ ಹತ್ತಿಯ ಬಿಳಿ ಧೂಳು — ಐವತ್ತರ ದಶಕದ ಕೊನೆಯ ಆ ದಿನಗಳು ಈಗ ನೆನಪಾದರೆ ಎಲ್ಲವೂ ಸ್ವಲ್ಪ ಬಿಳಿಯಾಗಿಯೇ ಕಾಣುತ್ತದೆ.

ನಾನು ಮ್ಯಾಟ್ರಿಕ್ ಮುಗಿಸಿದ ವರ್ಷ ಕೊಲ್ಲಾಪುರದಲ್ಲಿ ನರ್ಸಿಂಗ್ ಕಲಿಯಬೇಕೆಂದು ಹಟ ಹಿಡಿದೆ. ಅಪ್ಪ ಒಪ್ಪಲಿಲ್ಲ. ಮಂದಿಯ ಹೊಲಸು ಬಳಿಯುವ ಕೆಲಸಕ್ಕೆ ಮಗಳನ್ನು ಕಳಿಸುವುದಿಲ್ಲ ಎಂದು ಕೂತುಬಿಟ್ಟ. ಮಗ್ಗಗಳಿಗೆ ರಜೆಯಿದ್ದ ಒಂದು ಸೂಟಿಯ ದಿನ ಈರಣ್ಣ ಬಂದು ಅಪ್ಪನ ಎದುರಿಗೆ ಕೂತ.

"ಕಾಕಾ, ನೂಲು ಹರಿದ್ರ ಗಂಟ ಹಾಕಾಕ ನಾವು ನೂರು ಮಂದಿ ಅದೀವಿ. ಮನಷಾ ಹರಿದ್ರ ಯಾರದಾರ ಹೇಳ್ರಿ, ಈ ಓಣ್ಯಾಗ? ಹುಡುಗಿ ಹೋಗಲಿ. ನಾ ಕರಕೊಂಡ ಹೋಗಿ ಬಿಟ್ಟ ಬರ್ತೇನಿ."

ಬಿಟ್ಟು ಬಂದ. ತಗಡಿನ ಟ್ರಂಕು ಎಸ್‌ಟಿ ಬಸ್ಸಿನ ಮೇಲೆ ಹಾಕಿ, ಹಾಸ್ಟೆಲಿನ ಬಾಗಿಲಿನ ತನಕ ತಾನೇ ಹೊತ್ತು ತಂದ. ಅದಕ್ಕೂ ಮೊದಲು ರಂಕಾಳ ಕೆರೆಯ ದಂಡೆಯ ಮೇಲೆ ಕೂರಿಸಿ ಭೇಳ ತಿನ್ನಿಸಿದ. ನಾನು ಅಳುತ್ತಿದ್ದೆ. ಖಾರಕ್ಕೆ ಅಳುತ್ತಿದ್ದೇನೆ ಎಂದು ಅವನು ಭೇಳದವನ ಜತೆ ಮರಾಠಿಯಲ್ಲಿ ಜಗಳಕ್ಕೇ ನಿಂತ. ಆಮೇಲೆ ತಿಳಿದು ಇಬ್ಬರೂ ನಕ್ಕೆವು. ಕೋರ್ಸು ಮುಗಿದ ದಿನ ಅವನು ನನಗೊಂದು ಹಳೆಯ ಕೈಗಡಿಯಾರ ತಂದುಕೊಟ್ಟ. ನಾಡಿ ಎಣಿಸಲು ಸೆಕೆಂಡಿನ ಮುಳ್ಳು ಬೇಕು ಎಂದು ನಾನು ಯಾವಾಗಲೋ ಹೇಳಿದ್ದೆನಂತೆ.

ಗಂಗವ್ವ ಗಡಹಿಂಗ್ಲಜದವಳು. ಅವನನ್ನು ಮದುವೆಯಾಗಿ ನಮ್ಮ ಓಣಿಗೆ ಬಂದಾಗ ಇಪ್ಪತ್ತೂ ತುಂಬಿರಲಿಲ್ಲ. ಈರಣ್ಣನನ್ನು ಅಣ್ಣ ಎಂದೇ ಕರೆಯುತ್ತಿದ್ದುದರಿಂದ ಆಕೆ ನನಗೆ ಅತ್ತಿಗೆ, ವೈನಿ ಎನ್ನುತ್ತಿದ್ದೆ. ಬಂದ ಎರಡು ವರ್ಷದಲ್ಲಿ ಓಣಿಯ ಎಲ್ಲ ಬಾಣಂತಿಯರ ಮನೆಯಲ್ಲೂ ವೈನಿಯೇ ಬೇಕಾದಳು. ಎಳೆಗೂಸನ್ನು ಎರಡೂ ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರು ಹಾಕಿದರೆ ಕೂಸು ಅಳುವುದನ್ನೇ ಮರೆತು ಮಲಗುತ್ತಿತ್ತು. ನಾನು ಕೊಲ್ಲಾಪುರದಿಂದ ರಜೆಗೆ ಬಂದಾಗ ನನ್ನನ್ನೂ ಕೂರಿಸಿಕೊಂಡು ತಲೆಗೆ ಎಣ್ಣೆ ಹಾಕುತ್ತ, "ದವಾಖಾನ್ಯಾಗ ಔಷಧ ಕೊಡತೀರಿ ಖರೆ, ಹಿಂಗ ತಿಕ್ಕೋರು ಅದಾರೇನ?" ಎನ್ನುತ್ತಿದ್ದಳು. ಅವರಿಗೆ ಒಬ್ಬಳೇ ಮಗಳು, ಶೋಭಾ.

ಇಂಥ ಜನ ಅವರು. ಇದನ್ನೆಲ್ಲ ಮೊದಲೇ ಯಾಕೆ ಹೇಳಿದೆನೆಂದರೆ — ನಾನು ಯಾರಿಗೆ ಹಾಗೆ ಮಾಡಿದೆ ಎನ್ನುವುದು ನಿಮಗೆ ತಿಳಿದಿರಲಿ ಎಂದು.

ಅರವತ್ತರ ದಶಕದ ಕೊನೆಯಲ್ಲಿ, ಶೋಭಾಳಿಗೆ ಏಳೋ ಎಂಟೋ ವರ್ಷವಿದ್ದಾಗ, ಈರಣ್ಣ ನಿಂತ ನಿಂತಲ್ಲೇ ಬೀಳತೊಡಗಿದ. ಮೊದಲ ಸಲ ಚಹದ ಅಂಗಡಿಯ ಮುಂದೆ. ಎರಡನೆಯ ಸಲ ಶೆಡ್ಡಿನಲ್ಲಿ, ನಡೆಯುತ್ತಿದ್ದ ಮಗ್ಗದ ಪಕ್ಕಕ್ಕೇ — ಯಾರೋ ಅಂಗಿ ಹಿಡಿದು ಎಳೆದರು, ಇಲ್ಲದಿದ್ದರೆ ಮಗ್ಗ ತಿರುಗಿಸುವ ಪಟ್ಟಾ ಅವನ ಕೈಯನ್ನು ಒಳಗೆ ಎಳೆದುಕೊಳ್ಳುತ್ತಿತ್ತು. ನಾನು ಅವನೇ ಕೊಟ್ಟ ಗಡಿಯಾರ ನೋಡಿ ನಾಡಿ ಎಣಿಸಿದೆ. ನಿಮಿಷಕ್ಕೆ ಮೂವತ್ತು. ತಪ್ಪಿರಬೇಕೆಂದು ಮತ್ತೆ ಎಣಿಸಿದೆ. ಮೂವತ್ತೇ.

ಕೊಲ್ಲಾಪುರದ ಡಾಕ್ಟರು ಹೃದಯದ ಪಟ್ಟಿ, ಅಂದರೆ ಇಸಿಜಿ, ತೆಗೆದು ನೋಡಿ, ಹೃದಯದ ಮೇಲಿನ ಭಾಗದ ಮಿಡಿತ ಕೆಳಗಿನ ಭಾಗಕ್ಕೆ ಮುಟ್ಟುತ್ತಿಲ್ಲ, ಇದಕ್ಕೆ ಔಷಧವಿಲ್ಲ ಎಂದರು. ಮುಂಬಯಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಹೊಸದಾಗಿ ಪೇಸ್‌ಮೇಕರ್ ಎಂಬ ಯಂತ್ರವನ್ನು ಮೈಯೊಳಗೆ ಕೂಡಿಸುತ್ತಾರೆ, ಪರದೇಶದಿಂದ ಬಂದ ಡಾಕ್ಟರೊಬ್ಬರು ಬಡವರಿಗೆಂದು ಒಂದೆರಡು ಯಂತ್ರ ಬಿಟ್ಟುಹೋಗಿದ್ದಾರೆ ಎಂದು ಹೇಳಿ ಚೀಟಿ ಬರೆದುಕೊಟ್ಟರು. ಗಂಡ ಹೆಂಡತಿ ಇಬ್ಬರೂ ಹೋದರು. ಶೋಭಾ ನನ್ನ ಹತ್ತಿರ ಉಳಿದಳು.

ಒಂದೂವರೆ ತಿಂಗಳ ಮೇಲೆ ಈರಣ್ಣ ನಡೆದುಕೊಂಡು ಓಣಿಗೆ ಬಂದ. ಬೂಟಿನ ಪಾಲಿಶಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ ಹೊಟ್ಟೆಯ ಎಡಭಾಗದಲ್ಲಿ, ಚರ್ಮದ ಕೆಳಗೆ. ಅಲ್ಲಿಂದ ಎರಡು ತಂತಿ ಒಳಗೊಳಗೇ ಹೃದಯಕ್ಕೆ. ಓಣಿಯ ಹುಡುಗರೆಲ್ಲ ಸರತಿಯಲ್ಲಿ ನಿಂತು ಮುಟ್ಟಿ ನೋಡಿದರು.

"ನನಗ ಈಗ ಒಳಗಽ ಮೋಟಾರ ಕೂಡಿಸ್ಯಾರ್ರಿ. ಶಹಾಪುರದಾಗ ಕರೆಂಟ ಹೋದ್ರೂ ನಾ ನಿಲ್ಲಂಗಿಲ್ಲ!"

ನಾಡಿ ಎಣಿಸಿದೆ. ಸರಿಯಾಗಿ ಎಪ್ಪತ್ತು. ವೈನಿ ಹಿತ್ತಲಿಗೆ ಹೋಗಿ ಅತ್ತು ಬಂದಳು. ಸಂತೋಷ ಎಂದರೆ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ಆ ಸಂಜೆಯೇ ನೆನಪಾಗುತ್ತದೆ. ಲಿಂಗದ ಬೆಳ್ಳಿಯ ಕರಡಿಗೆ ಯಂತ್ರದ ಮೇಲೆ ತಿಕ್ಕಬಾರದೆಂದು ವೈನಿ ಅದರ ದಾರವನ್ನು ಗಿಡ್ಡ ಮಾಡುತ್ತ ಕೂತದ್ದು, ಈರಣ್ಣ ಆಕೆಯನ್ನು ಸತಾಯಿಸುತ್ತಿದ್ದದ್ದು...

ಮುಂಬಯಿಯಿಂದ ಒಂದು ಇಂಗ್ಲಿಷ್ ಪತ್ರ ತಂದಿದ್ದರು. ಓಣಿಯಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ. ಎಲ್ಲರ ಮುಂದೆ ನಿಂತು, ಸ್ವಲ್ಪ ದೊಡ್ಡಸ್ತಿಕೆಯಿಂದಲೇ, ಕನ್ನಡದಲ್ಲಿ ಹೇಳುತ್ತ ಹೋದೆ. ಭಾರ ಎತ್ತಬಾರದು. ಗಾಯ ಒಣಗಿಸಿಡಬೇಕು. ಪೆಟ್ಟಿಗೆಯ ಸುತ್ತ ನೀರು ತುಂಬಿ ಬಾತುಕೊಂಡರೆ ಹೆದರಬಾರದು, ತಾನಾಗಿ ಇಳಿಯುತ್ತದೆ. ಕೆಂಪಾದರೆ, ಜ್ವರ ಬಂದರೆ ಆ ಕ್ಷಣ ಮುಂಬಯಿಗೆ ಕಳಿಸಬೇಕು. ಒಂದು ಸಾಲಿನ ಕೆಳಗೆ ಗೆರೆ ಎಳೆದಿದ್ದರು — ಯಾವ ಕಾರಣಕ್ಕೂ ಬಾತ ಜಾಗಕ್ಕೆ ಸೂಜಿ ಹಾಕಬಾರದು. ಅದನ್ನು ನಾನು ಓದಿದೆ, ಆದರೆ ಅವರಿಗೆ ಹೇಳಲಿಲ್ಲ. ಮುಚ್ಚಿಟ್ಟದ್ದಲ್ಲ, ಅದು ನಮ್ಮಂಥ ದವಾಖಾನೆಯವರಿಗೆ ಬರೆದದ್ದು, ಇವರಿಗೇಕೆ ಎಂದುಕೊಂಡೆ.

ಹದಿನೈದು ದಿನದ ಮೇಲೆ ಆ ಜಾಗ ಬಾತುಕೊಂಡಿತು. ಮೆತ್ತಗೆ, ನೀರಿನ ಚೀಲದ ಹಾಗೆ. ಕೆಂಪಿಲ್ಲ, ಜ್ವರವಿಲ್ಲ. ಪತ್ರದಲ್ಲಿ ಹೇಳಿದಂಥದ್ದೇ. ಮಗ್ಗಗಳ ಸೂಟಿಯ ದಿನ ಮಧ್ಯಾಹ್ನ ಈರಣ್ಣ ದವಾಖಾನೆಗೆ ಬಂದ. ನಮ್ಮ ಡಾಕ್ಟರು ಕೊಲ್ಲಾಪುರಕ್ಕೆ ಹೋಗಿದ್ದರು. ವೈನಿ ಬಾಜಾರಕ್ಕೆ ಹೋಗಿದ್ದಳು.

"ಲಾಡಿ ಕಟ್ಟಿದ್ರ ಒತ್ತತೈತಿ ತಂಗಿ. ನೀ ಎಷ್ಟ ಮಂದೀದು ನೀರ ತಗದೀ ಅಲ್ಲ, ನಂದೂ ಒಂದೀಟ ತಗದ ಹಗರ ಮಾಡು."

ನನಗೆ ಆ ಗೆರೆ ಎಳೆದ ಸಾಲು ನೆನಪಾಯಿತು. ನೆನಪಾಗಲಿಲ್ಲ ಎಂದು ಹೇಳಿದ್ದರೆ ಇಂದು ನನಗೆ ಎಷ್ಟೋ ಸುಲಭವಾಗುತ್ತಿತ್ತು. ನೆನಪಾಯಿತು. ಆದರೆ ಬೆಂಚಿನ ಮೇಲೆ ನಾಲ್ಕು ಹೆಂಗಸರು ಕೂತು ನೋಡುತ್ತಿದ್ದರು, ಅವರಲ್ಲೊಬ್ಬಳು "ನರ್ಸಬಾಯಿ ಕೈಯಾಗ ಏನೂ ಆಗೂದಿಲ್ರಿ" ಎಂದಳು. ನನಗೂ ಹಾಗೇ ಅನಿಸಿತು. ಅಣ್ಣ ಕೇಳಿದ್ದಾನೆ, ನನ್ನಿಂದ ಆಗುವುದಿಲ್ಲ ಎನ್ನಲು ನಾಚಿಕೆ. ಸೂಜಿ ಕುದಿಸಲು ಸ್ಟೋವಿನಲ್ಲಿ ಸೀಮೆಎಣ್ಣೆ ಇರಲಿಲ್ಲ. ಅಂಗಡಿಯಿಂದ ತರಿಸಬಹುದಿತ್ತು — ಹತ್ತು ನಿಮಿಷದ ಕೆಲಸ. ನಾನು ಸ್ಪಿರಿಟಿನಲ್ಲಿ ಅದ್ದಿ ಚುಚ್ಚಿದೆ. ಅರ್ಧ ಬಟ್ಟಲು ನೀರು ಬಂತು, ತಿಳಿ ಕೆಂಪು ಬಣ್ಣದ್ದು.

"ಹೂವಿನಂಗ ಹಗರಾತು ನೋಡು!" ಎಂದು ಎದ್ದು ನಿಂತ.

"ವೈನಿಗೆ ಹೇಳಬ್ಯಾಡಣ್ಣಾ, ಸುಮ್ನ ಹೆದರತಾಳ."

"ಆತು ಬಿಡು," ಎಂದು ನಗುತ್ತ ಹೋದ.

ನಾಲ್ಕನೆಯ ದಿನ ಸಂಜೆ ಅವನಿಗೆ ಚಳಿ ಬಂತು. ನಾನು ಮುಟ್ಟಿ ನೋಡಿದೆ, ಮೈ ಸುಡುತ್ತಿತ್ತು. ಅಂದೇ ಮುಂಬಯಿಗೆ ಕಳಿಸಬೇಕಾಗಿತ್ತು. ಆದರೆ ಕಳಿಸಿದರೆ ಯಾಕೆ ಎಂದು ಕೇಳುತ್ತಾರೆ. ಇದು ಗಾಳಿ ಬದಲಾದದ್ದಕ್ಕೆ ಬಂದ ಜ್ವರ, ಪತ್ರದಲ್ಲಿ ಹೇಳಿದ್ದಲ್ಲ ಎಂದೆ; ಅವರು ನಂಬಿದರು. ದವಾಖಾನೆಯಿಂದ ಪೆನಿಸಿಲಿನ್ ತಂದು ಯಾರಿಗೂ ಹೇಳದೆ ಚುಚ್ಚಿದೆ. ಇಳಿಯುತ್ತದೆ, ಇಳಿಯುತ್ತದೆ ಎಂದು ಆರು ದಿನ ಕಾದೆ. ಮೈಯೊಳಗಿನ ಲೋಹಕ್ಕೆ ಒಮ್ಮೆ ಸೂಕ್ಷ್ಮಾಣು ಅಂಟಿಕೊಂಡರೆ ಔಷಧ ಅಲ್ಲಿಗೆ ಮುಟ್ಟುವುದಿಲ್ಲ, ಯಂತ್ರವನ್ನೇ ತೆಗೆಯದೆ ಬೇರೆ ದಾರಿಯಿಲ್ಲ ಎಂದು ನನಗೆ ತಿಳಿದದ್ದು ಆಮೇಲೆ. ಆದರೆ ಕಾಯಬಾರದು ಎನ್ನುವುದು ಪತ್ರದಲ್ಲೇ ಇತ್ತಲ್ಲ.

ಜ್ವರ ಬಂದ ಮೂರನೆಯ ದಿನ ಚರ್ಮ ಕೆಂಪಾಯಿತು. ವೈನಿ ಅರಿಷಿಣವನ್ನು ತೇಯ್ದು ಹಚ್ಚಿದಳು. ಮೂರನೆಯ ದಿನ ಎನ್ನುವುದನ್ನು ನೆನಪಿಟ್ಟುಕೊಳ್ಳಿ — ಜ್ವರ ಮೊದಲು, ಅರಿಷಿಣ ಆಮೇಲೆ. ಸೂಜಿ ಹಾಕಿ ಹತ್ತು ದಿನ ತುಂಬುವುದರೊಳಗೆ ಅಲ್ಲಿ ಚರ್ಮ ಒಡೆದು ಕೀವು ಹರಿಯಿತು. ಆ ಒಡಕಿನಲ್ಲಿ ಪೆಟ್ಟಿಗೆಯ ಅಂಚು ಹೊಳೆಯುವುದು ಕಂಡಿತು.

ಈ ಸಲ ಮುಂಬಯಿಗೆ ಅವರ ಜತೆ ನಾನೂ ಹೋದೆ. ವೈನಿಯೇ ಕೈ ಹಿಡಿದುಕೊಂಡು, "ನೀ ಇದ್ರ ಧೈರ್ಯ ಕಮಲಾ, ಅವರ ಇಂಗ್ಲಿಷ್ ನಮಗೇನ ತಿಳೀತೈತಿ" ಎಂದಳು.

ಮುಂಬಯಿಯ ಡಾಕ್ಟರು ಪಟ್ಟಿ ಬಿಚ್ಚಿದರು. ಸುತ್ತಲೂ ಚರ್ಮ ಹಳದಿಯಾಗಿತ್ತು. ಅವರು ಬಹಳ ಹೊತ್ತು ನೋಡಿದರು. ನಂತರ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದರು — ಇದಕ್ಕೆ ಯಾರಾದರೂ ಸೂಜಿ ಹಾಕಿದ್ದಾರೆಯೇ?

"ನೋ ಸರ್," ಎಂದೆ.

ಅಷ್ಟು ಬೇಗ ಬಂತು ಆ ಮಾತು. ನಾನು ಯೋಚಿಸಲೇ ಇಲ್ಲ. ಹಾಗಾದರೆ ಈ ಹಳದಿ ಏನು ಎಂದು ಕೇಳಿದರು. ಹೆಂಡತಿ ಅರಿಷಿಣ ಹಚ್ಚಿದ್ದಾಳೆ ಎಂದೆ. ಅವರ ಮುಖ ಸಿಟ್ಟಿನಿಂದ ಕೆಂಪಾಯಿತು. ಇಷ್ಟು ಕಷ್ಟಪಟ್ಟು ಕೂಡಿಸಿದ ಯಂತ್ರವನ್ನು ಇವರ ಅಜ್ಞಾನ ತಿಂದುಹಾಕಿತು ಎಂದರು. ವೈನಿಯನ್ನು ನೋಡಿಯೇ ಹೇಳಿದರು.

"ಏನ ಅಂದ್ರು ಕಮಲಾ? ನನ್ನ ನೋಡಿ ಏನ ಅಂದ್ರು?"

ಆಗಲೂ ಸಮಯವಿತ್ತು. ಏನೂ ಇಲ್ಲ ಎಂದಿದ್ದರೂ ಸಾಕಿತ್ತು. ನಾನು ಹೇಳಿದ್ದು ಇದು:

"ಅರಿಷಿಣಾ ಹಚ್ಚಬಾರದಿತ್ತಂತ ವೈನಿ. ಅದರಿಂದನಽ ಕೀವು ಹತ್ತೇತಂತ."

ಆಕೆ ಅಳಲಿಲ್ಲ. ತನ್ನ ಎರಡೂ ಅಂಗೈ ನೋಡಿಕೊಂಡಳು. ಆಮೇಲೆ ಅವನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಯಂತ್ರವನ್ನೂ ತಂತಿಯನ್ನೂ ತೆಗೆದರು. ವಿಷ ರಕ್ತಕ್ಕೂ ಸೇರಿತ್ತು. ವಾರಗಟ್ಟಲೆ ಸೂಜಿಮದ್ದು ಕೊಟ್ಟು ಜ್ವರ ಇಳಿಸಿದರು. ಮತ್ತೊಂದು ಯಂತ್ರ ಅವರ ಹತ್ತಿರ ಇರಲಿಲ್ಲ. ಪರದೇಶದಿಂದ ಬಂದರೆ ತಿಳಿಸುತ್ತೇವೆ ಎಂದು ಹೇಳಿ, ನಾಲಿಗೆಯ ಕೆಳಗಿಡುವ ಗುಳಿಗೆ ಕೊಟ್ಟು ಮನೆಗೆ ಕಳಿಸಿದರು. ನಾಡಿ ಮತ್ತೆ ಮೂವತ್ತರ ಆಸುಪಾಸಿಗೆ ಬಂತು.

ಆಮೇಲೆ ಈರಣ್ಣ ಐದು ತಿಂಗಳು ಬದುಕಿದ. ಮನೆಯ ಕಟ್ಟೆಯ ಮೇಲೆ ಕೂತು ಶೆಡ್ಡಿನ ಸದ್ದು ಕೇಳುತ್ತ, ಹೋಗಿಬರುವವರಿಗೆ "ಮೂರನೇ ಮಗ್ಗದ್ದು ಪಟ್ಟಾ ಸಡ್ಲ ಆಗೇತಿ, ಹೇಳ್ರಿ ಅವಂಗ" ಎನ್ನುತ್ತಿದ್ದ. ವೈನಿ ಅವನ ಪಕ್ಕ ಬಿಟ್ಟು ಏಳುತ್ತಿರಲಿಲ್ಲ. ಆದರೆ ಅವನನ್ನು ಮುಟ್ಟುತ್ತಿರಲಿಲ್ಲ. ಮೈ ಒರೆಸಬೇಕೆಂದರೆ ನನ್ನನ್ನು ಕರೆಯುತ್ತಿದ್ದಳು. ಶೋಭಾ ಬಿದ್ದು ಮೊಣಕಾಲು ಒಡೆದುಕೊಂಡು ಬಂದರೆ, ರಕ್ತ ನೋಡುತ್ತ ದೂರ ನಿಂತು, "ಕಮಲತ್ತಿ ಕಡೆ ಹೋಗು. ನನ್ನ ಕೈ ಹಚ್ಚಬಾರದು" ಎನ್ನುತ್ತಿದ್ದಳು. ಹುಡುಗಿ ರಸ್ತೆ ದಾಟಿ ನನ್ನ ಹತ್ತಿರ ಬರುತ್ತಿತ್ತು. ನಾನು ತೊಳೆದು ಪಟ್ಟಿ ಕಟ್ಟುತ್ತಿದ್ದೆ. ಹೌದು, ಅದೇ ಕೈಗಳಿಂದ.

ಓಣಿಯವರು ಮಾತನಾಡಿಸಲು ಬಂದರೆ ವೈನಿ ಯಾರೂ ಕೇಳದೆಯೇ ಹೇಳುತ್ತಿದ್ದಳು: "ಡಾಕ್ಟರು ಜೀವಾ ಕೊಟ್ಟಿದ್ರು. ನಾನಽ ಕಳದೆ."

ಈರಣ್ಣ ಪ್ರತಿ ಸಲವೂ "ಅರಿಷಿಣದಿಂದ ಏನೂ ಆಗಿಲ್ಲ ಗಂಗೀ" ಎನ್ನುತ್ತಿದ್ದ. ತನ್ನ ಸಮಾಧಾನಕ್ಕೆ ಹೇಳುತ್ತಾನೆ ಎಂದುಕೊಂಡು ಆಕೆ ಮತ್ತೂ ಕುಗ್ಗುತ್ತಿದ್ದಳು.

ಒಂದು ಮಧ್ಯಾಹ್ನ ನಾನು ನಾಡಿ ನೋಡುತ್ತಿದ್ದಾಗ ಅವನು ನನ್ನ ಕೈ ಹಿಡಿದ. ವೈನಿ ನೀರಿಗೆ ಹೋಗಿದ್ದಳು.

"ಆ ಡಾಕ್ಟರು ನೀಡಲ್ ಅಂದ್ರು. ನೀ ನೋ ಅಂದಿ. ಅಷ್ಟ ಇಂಗ್ಲಿಷ್ ನನಗೂ ತಿಳೀತೈತಿ ತಂಗಿ."

ನಾನು ಗಡಿಯಾರದ ಮುಳ್ಳನ್ನೇ ನೋಡುತ್ತ ಕೂತೆ.

"ನಿನ್ನ ನೌಕರಿ ಹೋದೀತು ಅಂತ ಅಲ್ಲೆ ಸುಮ್ನಾದೆ. ನೀ ಬೇಕಂತ ಮಾಡಿಲ್ಲ, ಕೇಳಿದಾಂವ ನಾನಽ. ಆದ್ರ ಥಂಡಿ ಮೊದಲ ಬಂತು, ಅರಿಷಿಣಾ ಆಮ್ಯಾಲ ಹಚ್ಚಿದ್ಲು. ಇದು ನಿನಗೂ ಗೊತ್ತೈತಿ. ಗಂಗಿಗೆ ಹೇಳು. ನಾ ಹೇಳಿದ್ರ ನಂಬೂದಿಲ್ಲ ಆಕಿ. ನೀನಽ ಹೇಳಬೇಕು."

"ಹೇಳ್ತೇನಿ ಅಣ್ಣಾ. ಈ ಅಮಾಸಿ ಒಂದ ಆಗ್ಲಿ," ಎಂದೆ.

ಅಮಾವಾಸ್ಯೆ ಆಯಿತು. ಹುಣ್ಣಿಮೆಯೂ ಆಯಿತು. ಅವನು ಮತ್ತೆ ಕೇಳಲಿಲ್ಲ, ನನ್ನ ಮುಖ ಮಾತ್ರ ನೋಡುತ್ತಿದ್ದ. ಒಂದು ಬೆಳಿಗ್ಗೆ ಚಹದ ಬಟ್ಟಲು ಕೈಯಲ್ಲಿದ್ದಂತೆಯೇ ಗೋಡೆಗೆ ಒರಗಿದ. ಈ ಸಲ ಏಳಲಿಲ್ಲ.

ವೈನಿ ಮಗಳನ್ನು ಕರೆದುಕೊಂಡು ಗಡಹಿಂಗ್ಲಜದ ತವರಿಗೆ ಹೋದಳು. ಅಲ್ಲಿ ಮೆಣಸಿನಕಾಯಿಯ ಪೇಟೆಯಲ್ಲಿ ದೇಟು ಬಿಡಿಸುವ ಕೆಲಸ ಹಿಡಿದಳು. ಶೋಭಾಳನ್ನು ಓದಿಸಿದಳು, ಅವಳು ಶಾಲೆಯ ಮಾಸ್ತರಿಣಿಯಾದಳು, ಮದುವೆಯಾಯಿತು, ಮಕ್ಕಳಾದವು. ಮೊದಮೊದಲು ನಾನು ವರ್ಷಕ್ಕೊಮ್ಮೆ ಹೋಗುತ್ತಿದ್ದೆ. ಪ್ರತಿ ಸಲವೂ ಬಸ್ಸಿನಲ್ಲಿ ಮಾತು ಜೋಡಿಸಿಕೊಳ್ಳುತ್ತಿದ್ದೆ. ವೈನಿ ನನ್ನನ್ನು ಕಂಡೊಡನೆ ಶೇಂಗಾ ಹೋಳಿಗೆ ಮಾಡಲು ಕೂರುತ್ತಿದ್ದಳು. ಉಂಡು, ಎಲೆಯಡಿಕೆ ಹಾಕಿಕೊಂಡು, ಹೇಳದೆ ಹಿಂತಿರುಗುತ್ತಿದ್ದೆ. ಆಮೇಲೆ ಹೋಗುವುದೂ ಕಡಿಮೆಯಾಯಿತು. ಸೂಜಿಯಿಂದಲೇ ಆಯಿತೆಂದು ಯಾರು ಆಣೆ ಮಾಡಿ ಹೇಳಬಲ್ಲರು, ಆ ನೀರಿನಲ್ಲಿ ಮೊದಲೇ ಏನಾದರೂ ಇದ್ದಿರಬಹುದು — ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ಇದ್ದಿರಬಹುದು. ಆದರೆ ಆ ಸಂಶಯವನ್ನು ನಾನು ಒಂದು ದಿನವೂ ವೈನಿಗೆ ಕೊಡಲಿಲ್ಲ. ಪೂರ್ತಿ ನನಗೇ ಇಟ್ಟುಕೊಂಡೆ.

ಮೊನ್ನೆ ಮಳೆಗಾಲ ಮುಗಿಯುವಾಗ ಶೋಭಾಳ ಫೋನು ಬಂತು. "ಕಮಲತ್ತಿ, ಅವ್ವ ಎರಡ ಸರ್ತಿ ಬಿದ್ಲು. ಕೊಲ್ಲಾಪುರದಾಗ ತೋರಿಸಿದ್ವಿ. ಪೇಸ್‌ಮೇಕರ್ ಹಾಕಬೇಕಂತ. ಈಗ ಭಾಳ ಸಾದಾ ಅಂತ, ಎರಡ ದಿನದಾಗ ಮನಿಗೆ. ಆಕಿ ಒಲ್ಲೆ ಅಂತಾಳ. ನನ್ನ ಕೈ ಹತ್ತಿದ್ರ ಅದೂ ಕೆಡತೈತಿ ಅಂತಾಳ. ನೀವ ಬಂದ ಹೇಳ್ರಿ. ನಿಮ್ಮ ಮಾತಂದ್ರ ಕೇಳತಾಳ, ನಿಮ್ಮ ಮ್ಯಾಲ ಆಕಿಗೆ ಭಾಳ ವಿಶ್ವಾಸ."

ಹೋದೆ. ವೈನಿ ಕಿಟಕಿಯ ಪಕ್ಕ ಮಂಚದ ಮೇಲೆ ಕೂತಿದ್ದಳು, ಒಂದು ಹಿಡಿಯಷ್ಟಾಗಿದ್ದಳು. ಶೋಭಾ ನೀರು ತಂದುಕೊಟ್ಟು ಅಲ್ಲೇ ನಿಂತಳು. ಅವಳನ್ನೂ ಕೂರಲು ಹೇಳಿದೆ. ಆ ಮನೆಯ ನೀರು ಕುಡಿದರೆ ಈ ಸಲವೂ ಹೇಳಲು ಆಗುವುದಿಲ್ಲ ಎಂದು ಮುಟ್ಟಲಿಲ್ಲ.

"ವೈನಿ, ಅಣ್ಣಗ ಕೀವು ಹತ್ತಿದ್ದು ನಿಮ್ಮ ಅರಿಷಿಣದಿಂದ ಅಲ್ಲ. ನೀವು ಬಾಜಾರಕ್ಕ ಹೋದಾಗ ನಾ ಸೂಜಿ ಹಾಕಿ ನೀರ ತಗದಿದ್ದೆ. ಹಾಕಬಾರದು ಅಂತ ಪತ್ರದಾಗ ಬರದಿದ್ರು, ನಾ ಓದಿದ್ದೆ. ಸೂಜಿ ಕುದಿಸಿರಲಿಲ್ಲ. ಮುಂಬಯಿ ಡಾಕ್ಟರು ಕೇಳಿದಾಗ ಇಲ್ಲ ಅಂದೆ. ನಿಮ್ಮ ಹೆಸರ ಹೇಳಿದೆ."

ಉಳಿದದ್ದನ್ನೂ ಹೇಳಿದೆ. ಅಣ್ಣ ಕೇಳಿಕೊಂಡದ್ದು, ಅಮಾವಾಸ್ಯೆಯ ಮಾತು, ಎಲ್ಲ. ಹೊರಗೆ ಯಾರದೋ ಮೋಟಾರ್ ಸೈಕಲ್ ಶುರುವಾಗಿ ದೂರವಾಯಿತು. ಸಿಟ್ಟಿಗೆ, ಬೈಗುಳಕ್ಕೆ ನಾನು ಸಿದ್ಧಳಾಗಿ ಬಂದಿದ್ದೆ. ಆಕೆ ಕೇಳಿದ್ದು ಬೇರೆ.

"ನಾ ಹಚ್ಚಿದಾಗ ಅವರು, ಥಂಡ ಅನಸತೈತಿ ಗಂಗೀ, ಅಂದಿದ್ರು. ಖರೇನಽ ಅನಿಸಿತ್ತೇನ ಹಂಗಾರ?"

"ಖರೇ ಅನಿಸಿರಬೇಕ್ರಿ ವೈನಿ."

ಆಕೆ ತನ್ನ ಕೈಗಳನ್ನು ಮಡಿಲಿನಲ್ಲಿ ತೆರೆದಿಟ್ಟುಕೊಂಡು ಒಂದರಿಂದ ಒಂದನ್ನು ಮೆಲ್ಲಗೆ ಸವರಿಕೊಂಡಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. "ಆಕಿನ್ನ ಬಸ್ಸಿಗೆ ಬಿಟ್ಟ ಬಾ ಶೋಭಾ," ಎಂದಳು. ನನ್ನ ಹೆಸರು ಹೇಳಲಿಲ್ಲ.

ಶೋಭಾ ಬಸ್‌ಸ್ಟ್ಯಾಂಡಿನ ತನಕ ಬಂದಳು. ಬಸ್ಸು ಬಂದು ನಿಂತಾಗ ನನ್ನ ಚೀಲವನ್ನು ಕೈಗೆ ಕೊಟ್ಟು ಹೇಳಿದಳು:

"ನಮ್ಮವ್ವ ಆಮ್ಯಾಲ ನನ್ನ ತಲಿಗೆ ಒಮ್ಮಿನೂ ಎಣ್ಣಿ ಹಚ್ಚಲಿಲ್ಲ. ನನ್ನ ಬಾಣಂತನದಾಗ ಕೂಸಿಗೆ ನೀರ ಹಾಕಾಕ ಬ್ಯಾರೆ ಮನಿಯಾಕಿನ್ನ ಕರಸಿದ್ಲು. ಯಾಕಂತ ನಾ ಜಗಳಾ ಮಾಡಿದ್ದೆ ಆಕಿ ಕೂಡ. ಗೊತ್ತೇನ ನಿಮಗ? ... ಆ ಓಣ್ಯಾಗ ಎಲ್ಲಾರ ಮುಂದ ಆಕಿ ತನ್ನ ಮ್ಯಾಲ ಹಾಕ್ಕೊಂಡ ಹೇಳಿದ್ಲು. ನಂದ ಇರಲಿ ಬಿಡ್ರಿ. ಆಕೀದೇನೂ ತಪ್ಪಿಲ್ಲ ಅಂತ ಅವರಿಗೆಲ್ಲಾ ಯಾರ ಹೇಳೋರು?"

ನಾನು ಬಸ್ಸು ಹತ್ತಿದೆ.

ಹದಿನೈದು ದಿನದ ಮೇಲೆ ಶೋಭಾ ಒಂದೇ ನಿಮಿಷ ಫೋನು ಮಾಡಿದಳು. ವೈನಿ ಯಂತ್ರ ಹಾಕಿಸಿಕೊಳ್ಳಲು ಒಪ್ಪಿದ್ದಳು. ಎಲ್ಲ ಸರಿಯಾಗಿ ಆಗಿದೆ, ಗಾಯ ಒಣಗಿದೆ, ಮನೆಗೆ ಬಂದಿದ್ದಾಳೆ. "ನೋಡಾಕ ಬರ್ತೇನಿ" ಎಂದೆ.

"ಬರೂದು ಬ್ಯಾಡಂತ ಅವ್ವ ಹೇಳ್ಯಾಳ್ರಿ," ಎಂದಳು.

ಅದು ಆಕೆಯ ಹಕ್ಕು. ನಾನು ಮತ್ತೆ ಕೇಳಲಿಲ್ಲ, ಕೇಳುವುದೂ ಇಲ್ಲ.

ನಿನ್ನೆ ಶಹಾಪುರದ ಆ ಓಣಿಗೆ ಹೋದೆ. ನಾನು ಅದನ್ನು ಬಿಟ್ಟು ಪೇಟೆಯ ಕಡೆ ಬಂದು ಎಷ್ಟೋ ವರ್ಷವಾಯಿತು. ಹಳೆಯ ಹೆಂಚಿನ ಮನೆಗಳು ಹೋಗಿ ಸ್ಲ್ಯಾಬಿನವು ಎದ್ದಿವೆ. ಮಗ್ಗಗಳ ಸದ್ದು ಮಾತ್ರ ಹಾಗೇ ಇದೆ. ಮೊದಲನೆಯ ಮನೆಯ ಬಾಗಿಲಲ್ಲಿ ಒಬ್ಬ ಸೊಸೆ ಅಕ್ಕಿ ಆರಿಸುತ್ತ ಕೂತಿದ್ದಳು. ಅವಳ ಗಂಡನ ಅಜ್ಜಿ ಅಂದು ದವಾಖಾನೆಯ ಬೆಂಚಿನ ಮೇಲೆ ಕೂತಿದ್ದ ನಾಲ್ವರಲ್ಲಿ ಒಬ್ಬಳು. ತೀರಿಕೊಂಡು ಬಹಳ ದಿನವಾಯಿತಂತೆ. ನಾನು ಈರಣ್ಣನ ಹೆಂಡತಿ ಗಂಗವ್ವನ ವಿಷಯ ಹೇಳಬೇಕಾಗಿದೆ ಎಂದೆ.

"ಯಾವ ಈರಣ್ಣ್ರಿ ಅಜ್ಜಿ? ಯಾವ ಗಂಗವ್ವ?"

ಅವಳಿಗೆ ಗೊತ್ತಿಲ್ಲ. ಗೊತ್ತಿದ್ದವರಲ್ಲಿ ಹೆಚ್ಚಿನವರು ಈಗ ಇಲ್ಲ. ಅಲ್ಲಿಂದಲೇ ಹಿಂತಿರುಗಬಹುದಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ. ನಾನು ಕಟ್ಟೆಯ ಮೇಲೆ ಅವಳ ಪಕ್ಕ ಕೂತೆ. ಮೊದಲಿನಿಂದ ಹೇಳಿದೆ. ಅವಳು ಅಕ್ಕಿಯ ಮೊರವನ್ನು ಪಕ್ಕಕ್ಕಿಟ್ಟು ಕೇಳಿದಳು.

ನಾಳೆ ಅದರ ಪಕ್ಕದ ಮನೆಗೆ ಹೋಗಬೇಕು.